ಐಪಿ ವಿಳಾಸದ ಹಳೇ ಪಾಲಿಸಿ ತಿದ್ದಿಸುವುದು: ರೈಪ್, ಏಪ್‌ನಿಕ್, ಆರಿನ್ ಪ್ರಕ್ರಿಯೆಗಳ ವಿಮರ್ಶೆ

ಇಂಟರ್ನೆಟ್ ವಿಳಾಸಗಳನ್ನು ಹಂಚುವ ಪ್ರಾದೇಶಿಕ ರಿಜಿಸ್ಟ್ರಿಗಳು ಜಗತ್ತಿನಲ್ಲಿ ಐದೇ ಐದು: ಯುರೋಪ್ ಮತ್ತು ಪಶ್ಚಿಮ ಏಷ್ಯಾಕ್ಕೆ ರೈಪ್ ಎನ್‌ಸಿಸಿ, ಏಷ್ಯಾ ಪೆಸಿಫಿಕ್‌ಗೆ ಏಪ್‌ನಿಕ್, ಉತ್ತರ ಅಮೆರಿಕಕ್ಕೆ ಆರಿನ್, ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್‌ನಿಕ್, ಆಫ್ರಿಕಕ್ಕೆ ಆಫ್ರಿನಿಕ್. ವಿಳಾಸ ಕೊಡುವುದು ಇವುಗಳ ಒಂದು ಸೇವೆ. ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪಾಲಿಸಿಯನ್ನು ಯಾರು ಬೇಕಾದರೂ ಬಂದು ತಿದ್ದಿಸಲು ಬಿಡುವುದು ಇನ್ನೊಂದು ಸೇವೆ. ನೆಟ್‌ವರ್ಕ್ ನಡೆಸುವವರೆಲ್ಲ ಮೊದಲನೆಯದರ ಬಗ್ಗೆ ದೂರುತ್ತಾರೆ, ಎರಡನೆಯದನ್ನು ಬಳಸುವವರು ಬಹಳ ಕಡಿಮೆ. ಈ ವಿಮರ್ಶೆ ಆ ಎರಡನೆಯದರ ಬಗ್ಗೆ. ಮುಖ್ಯವಾಗಿ ರೈಪ್, ಏಪ್‌ನಿಕ್, ಆರಿನ್ ಮೂರನ್ನು ನೋಡಲಾಗಿದೆ.

ತೀರ್ಪು ಮೊದಲೇ ಹೇಳಿಬಿಡೋಣ. ಪ್ರವೇಶ ಉಚಿತ, ಸದಸ್ಯತ್ವ ಬೇಕಿಲ್ಲ, ಪ್ರತಿ ಕರಡು ಮತ್ತು ಪ್ರತಿ ಆಕ್ಷೇಪ ಎಲ್ಲರ ಕಣ್ಣೆದುರಿಗಿರುತ್ತದೆ. ಒಂದು ಅಂಕಿ ಬದಲಿಸುವಂಥ ಸಣ್ಣ ತಿದ್ದುಪಡಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆಡೆ ಸಿಗುವುದು ಕಷ್ಟ. ಆದರೆ ಬಳಕೆ ತಪ್ಪಿದ ನಿಯಮವೊಂದನ್ನು ಬುಡಸಮೇತ ಕೀಳಬೇಕೆಂದರೆ ಇದೇ ವ್ಯವಸ್ಥೆ ಆಮೆಯ ನಡಿಗೆಗೆ ಇಳಿಯುತ್ತದೆ. ನಿಯಮ ಹಳತಾಗಿದೆ ಎಂದು ತೋರಿಸುವ ಹೊಣೆ ಪೂರ್ತಿ ತಿದ್ದಲು ಬಂದವರ ಮೇಲೆ. ಅದು ಇನ್ನೂ ಯಾಕೆ ಬೇಕು ಎಂದು ಉಳಿಸಿಕೊಳ್ಳುವವರನ್ನು ಯಾರೂ ಕೇಳುವುದಿಲ್ಲ. ಈ ಓರೆಯನ್ನು ಅರಿತು ಬಂದವರಿಗೆ ಸೇವೆ ಕೆಲಸ ಮಾಡುತ್ತದೆ, ಅರಿಯದೆ ಬಂದವರ ಕರಡು ಎರಡನೇ ಆವೃತ್ತಿಗೆ ನಿಂತುಹೋಗುತ್ತದೆ.

ನಿಯಮ ಹಳತಾಗುವುದು ಹೇಗೆ ಎಂಬುದಕ್ಕೆ 1996ರ ಆರ್‌ಎಫ್‌ಸಿ 2050 (ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಲ್ಲೊಂದು) ಒಳ್ಳೆಯ ಉದಾಹರಣೆ. ವಿಳಾಸ ಕೇಳುವವರು ಅದರಲ್ಲಿ 25 ಶೇಕಡಾವನ್ನು ತಕ್ಷಣ, 50 ಶೇಕಡಾವನ್ನು ಒಂದು ವರ್ಷದೊಳಗೆ ಬಳಸುವುದಾಗಿ ತೋರಿಸಬೇಕು ಎಂದು ಅದು ಹೇಳುತ್ತಿತ್ತು. ಉಚಿತ ದಾಸ್ತಾನು ಇದ್ದಾಗ ಇದು ಸರಿಯಾದ ಮಾತು, ಯಾರೂ ಬೇಕಾಬಿಟ್ಟಿ ಬಾಚಿಕೊಳ್ಳದಂತೆ ತಡೆಯುತ್ತಿತ್ತು. ಹಳೆಯ ವಿಳಾಸ ವ್ಯವಸ್ಥೆಯಾದ ಐಪಿವಿ4ರಲ್ಲಿರುವುದು ಒಟ್ಟು 4,294,967,296 ವಿಳಾಸ. ಬ್ಲಾಕಿನ ಗಾತ್ರವನ್ನು /8, /22 ಎಂದು ಬರೆಯುತ್ತಾರೆ; ಅಂಕಿ ಒಂದು ಹೆಚ್ಚಿದಂತೆ ಬ್ಲಾಕ್ ಅರ್ಧವಾಗುತ್ತದೆ. 2011ರ ಫೆಬ್ರವರಿ 3ರಂದು, ರಿಜಿಸ್ಟ್ರಿಗಳಿಗೆ ವಿಳಾಸ ಹಂಚುವ ಕೇಂದ್ರ ಸಂಸ್ಥೆ ಐಯಾನಾ ತನ್ನ ಕೊನೆಯ ಐದು /8 ಬ್ಲಾಕ್‌ಗಳನ್ನು ಐದು ರಿಜಿಸ್ಟ್ರಿಗಳಿಗೆ ಒಂದೊಂದರಂತೆ ಕೊಟ್ಟು ಕೈ ತೊಳೆದುಕೊಂಡಿತು. ಅಲ್ಲಿಂದ ಮುಂದೆ ಅಗತ್ಯ ತೋರಿಸಿ ಎಂಬ ನಿಯಮ ಕಾಯಬೇಕಿದ್ದ ದಾಸ್ತಾನು ಕರಗುತ್ತಾ ಹೋಯಿತು. ದುಡ್ಡು ಕೊಟ್ಟು ಇನ್ನೊಬ್ಬರಿಂದ ವಿಳಾಸ ಕೊಳ್ಳುವವರು ಅಗತ್ಯವಿಲ್ಲದೆ ಕೊಳ್ಳುವರೇ? ಆದರೂ ಅರ್ಜಿ ನಮೂನೆಗಳು ಉಳಿದವು, ಅವನ್ನು ಪರಿಶೀಲಿಸುವ ಸಿಬ್ಬಂದಿಯೂ ಉಳಿದರು. ಆರ್‌ಎಫ್‌ಸಿ 2050ರ ಜಾಗಕ್ಕೆ ಆರ್‌ಎಫ್‌ಸಿ 7020 ಬಂದದ್ದು 2013ರಲ್ಲಿ.

ರೈಪ್ ಇದನ್ನು ನಿಭಾಯಿಸಿದ ರೀತಿ ಈ ಸೇವೆಯ ಅತ್ಯುತ್ತಮ ಮಾದರಿ. 2013-03 ಎಂಬ ಸಂಖ್ಯೆಯ ಪ್ರಸ್ತಾವ ಐಪಿವಿ4 ಪಾಲಿಸಿಯಿಂದ ಅಗತ್ಯ ಸಾಬೀತುಪಡಿಸುವ ಷರತ್ತನ್ನು ತೆಗೆದು, ಅದರ ಸುತ್ತ ಬೆಳೆದಿದ್ದ ಪ್ಯಾರಾಗಳನ್ನೂ ಗುಡಿಸಿ ಹಾಕಿತು. ವಿರೋಧ ಬಲವಾಗಿಯೇ ಇತ್ತು: ಸಟ್ಟಾ ವ್ಯಾಪಾರಿಗಳು ವಿಳಾಸ ಕೂಡಿಡುತ್ತಾರೆ, ಹೊಸಬರಿಗೆ ಏನೂ ಉಳಿಯುವುದಿಲ್ಲ ಎಂದು. ಅದಕ್ಕೆ ಸಿಕ್ಕ ಉತ್ತರ ತತ್ತ್ವದ್ದಲ್ಲ, ಲೆಕ್ಕದ್ದು. ಕೊನೆಯ /8ರಿಂದ ಪ್ರತಿ ಸದಸ್ಯರಿಗೆ ಒಂದು /22, ಅಂದರೆ 1,024 ವಿಳಾಸ ಮಾತ್ರ ಎಂಬ ಮಿತಿ ಆಗಲೇ ಜಾರಿಯಲ್ಲಿತ್ತು. ಮಿತಿಯೇ ಹೊಸಬರ ಪಾಲನ್ನು ಕಾಯುತ್ತಿದ್ದಾಗ ಮೇಲೊಂದು ಸಮರ್ಥನಾ ಪತ್ರ ಏನನ್ನೂ ಸೇರಿಸುತ್ತಿರಲಿಲ್ಲ. ಹಳೇ ನಿಯಮ ಯಾವ ಕೆಲಸಕ್ಕಾಗಿ ಹುಟ್ಟಿತ್ತೋ ಆ ಕೆಲಸವನ್ನು ಈಗ ಇನ್ನಾವುದು ಮಾಡುತ್ತಿದೆ ಎಂದು ಬೆರಳಿಟ್ಟು ತೋರಿಸಿದರೆ ಮಾತ್ರ ಕೀಳುವ ಪ್ರಸ್ತಾವ ಗೆಲ್ಲುತ್ತದೆ.

ಏಪ್‌ನಿಕ್‌ನಲ್ಲಿ ಕಥೆ ಬೇರೆ ದಿಕ್ಕಿಗೆ ತಿರುಗಿತು. ಟ್ರಾನ್ಸ್‌ಫರ್‌ಗೆ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ವರ್ಗವಾಗುವುದಕ್ಕೆ, ಅಗತ್ಯ ತೋರಿಸುವ ಷರತ್ತನ್ನು ಅಲ್ಲಿ ಮೊದಲೇ ಸಡಿಲಿಸಲಾಗಿತ್ತು. ಆದರೆ ಹೆಚ್ಚು ವಿಳಾಸ ಇದ್ದದ್ದು ಆರಿನ್ ಪ್ರದೇಶದಲ್ಲಿ. ಎದುರು ಕಡೆಯಲ್ಲೂ ಅಗತ್ಯ ಆಧಾರಿತ ನಿಯಮವಿದ್ದರೆ ಮಾತ್ರ ವಿಳಾಸ ಹೊರಗೆ ಬಿಡುತ್ತೇವೆ ಎನ್ನುವುದು ಆರಿನ್ ಪಾಲಿಸಿ. ಹಾಗಾಗಿ ತೆಗೆದಿದ್ದ ಷರತ್ತನ್ನೇ 2011ರಲ್ಲಿ ಪ್ರಾಪ್-096 ಎಂಬ ಪ್ರಸ್ತಾವದ ಮೂಲಕ ವಾಪಸ್ ತಂದರು. ರೈಪ್ ಕೂಡ ಮುಂದೆ ಇದೇ ಬಿಕ್ಕಟ್ಟಿಗೆ ಸಿಕ್ಕಿ ಅರ್ಧ ದಾರಿ ಬಂತು: ಅಗತ್ಯ ಕೇಳುವ ಪ್ರದೇಶದಿಂದ ವಿಳಾಸ ತರುವವರು ಐದು ವರ್ಷದೊಳಗೆ ಕನಿಷ್ಠ 50 ಶೇಕಡಾ ಬಳಸುವ ಯೋಜನೆ ಕೊಡಬೇಕು, ಮಿಕ್ಕವರಿಗೆ ಅದು ಬೇಕಿಲ್ಲ. ನಿಮ್ಮ ಪ್ರದೇಶದ ನಿಯಮ ತಿದ್ದುವ ಮುನ್ನ ಪಕ್ಕದ ನಾಲ್ಕು ಪ್ರದೇಶಗಳ ಪಾಲಿಸಿ ಓದಿಕೊಂಡೇ ಹೋಗಬೇಕಾದ ಕಾರಣ ಇದು. ಟ್ರಾನ್ಸ್‌ಫರ್ ಮುಟ್ಟುವ ಯಾವ ತಿದ್ದುಪಡಿಯೂ ಒಂದೇ ಮನೆಯ ವಿಷಯವಲ್ಲ.

ಪ್ರಕ್ರಿಯೆ ಬಳಸುವುದು ಹೇಗೆ ಎಂಬಲ್ಲಿ ಮೂರಕ್ಕೂ ಮೂರು ಜಾಯಮಾನ.

ರೈಪ್‌ನದು ಬಹುಪಾಲು ಬರವಣಿಗೆಯಲ್ಲೇ ನಡೆಯುವ ಪ್ರಕ್ರಿಯೆ. ಮೊದಲ ಚರ್ಚೆಯ ಹಂತ ಕನಿಷ್ಠ ನಾಲ್ಕು ವಾರ. ಅದಾದ ಮೇಲೆ ಪ್ರಸ್ತಾವಕ್ಕೆ ಪಾಲಿಸಿಯ ಪೂರ್ಣ ಪಠ್ಯ ಸೇರುತ್ತದೆ, ಜೊತೆಗೆ ರೈಪ್ ಎನ್‌ಸಿಸಿ ಸಿಬ್ಬಂದಿ ಪರಿಣಾಮ ವಿಶ್ಲೇಷಣೆ ಬರೆದುಕೊಡುತ್ತಾರೆ. ಎರಡನ್ನೂ ಎದುರಿಗಿಟ್ಟುಕೊಂಡು ಪರಿಶೀಲನೆಯ ಹಂತ. ಒಮ್ಮತ ಕಾಣುತ್ತಿದೆ ಎಂದು ವರ್ಕಿಂಗ್ ಗ್ರೂಪ್ ಅಧ್ಯಕ್ಷರಿಗೆ ಅನ್ನಿಸಿದರೆ ನಾಲ್ಕು ವಾರದ ಕೊನೆಯ ಕರೆ, ಅಂದರೆ ಆಕ್ಷೇಪ ಹೇಳಲು ಕಡೆಯ ಅವಕಾಶ. ಆ ಹೊತ್ತಿನಲ್ಲಿ ಮೌನವನ್ನು ಸಮ್ಮತಿ ಎಂದೇ ಎಣಿಸುತ್ತಾರೆ. ಹೀಗೆ ಕಾಗದದ ಮೇಲೆ ನಾಲ್ಕೈದು ತಿಂಗಳು. ಆವೃತ್ತಿ ಬದಲಾದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಗ ಒಂದು ವರ್ಷ ದಾಟುವುದು ಸಾಮಾನ್ಯ.

ಆ ಪರಿಣಾಮ ವಿಶ್ಲೇಷಣೆಯೇ ಇಡೀ ಸೇವೆಯ ಮುಕುಟ ಎಂದರೂ ಸರಿ. ಪ್ರಸ್ತಾವವನ್ನು ಸಿಬ್ಬಂದಿ ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದನ್ನು ಅದರಲ್ಲಿ ಮೊದಲು ಬರೆಯುತ್ತಾರೆ. ನಂತರ ರಿಜಿಸ್ಟ್ರಿಯ ದಾಖಲೆಗಳ ಮೇಲೆ, ದಿನನಿತ್ಯದ ಕೆಲಸದ ಮೇಲೆ, ಸಾಫ್ಟ್‌ವೇರ್ ಮೇಲೆ, ಕಾನೂನಿನ ಮೇಲೆ ಆಗುವ ಪರಿಣಾಮ. ಪ್ರಸ್ತಾವ ಬರೆದವರ ಮನಸ್ಸಿನಲ್ಲಿದ್ದ ಅರ್ಥವೂ ಮುಂದೆ ಅದನ್ನು ಜಾರಿ ಮಾಡುವವರು ಓದಿದ ಅರ್ಥವೂ ಒಂದೇ ಅಲ್ಲ ಎಂಬುದು ಮೊದಲು ಹೊರಬೀಳುವುದು ಇಲ್ಲೇ. ಯಾವುದೇ ಪ್ರಸ್ತಾವವನ್ನು ಓದುವವರು ಪಠ್ಯಕ್ಕಿಂತ ಮುಂಚೆ ಇದನ್ನೇ ಓದುವುದು ಒಳ್ಳೆಯದು.

ಆರಿನ್‌ನಲ್ಲಿ ಪ್ರಸ್ತಾವ ಕೊಟ್ಟವರ ಕೈಯಲ್ಲಿ ಲೇಖನಿ ಉಳಿಯುವುದಿಲ್ಲ. ಆರಿನ್ ಸದಸ್ಯರು ಆರಿಸಿದ 15 ಜನರ ಸಲಹಾ ಮಂಡಳಿ ಅದನ್ನು ಕೈಗೆತ್ತಿಕೊಂಡು ಕರಡು ಪಾಲಿಸಿ ಮಾಡುತ್ತದೆ. ಸಿಬ್ಬಂದಿ ಮತ್ತು ವಕೀಲರ ಅಭಿಪ್ರಾಯ ಪಡೆದು, ಸರಿಕಂಡರೆ ಶಿಫಾರಸು ಮಾಡಿದ ಕರಡಾಗಿ ಮುಂದಿಡುತ್ತದೆ. ಸಭೆಯಲ್ಲಿ ಚರ್ಚೆ, ಕೊನೆಯ ಕರೆ, ನಂತರ ಟ್ರಸ್ಟಿಗಳ ಮಂಡಳಿಯ ಅನುಮೋದನೆ. ಇದರ ಲಾಭ ಭಾಷೆಯಲ್ಲಿ ಕಾಣುತ್ತದೆ. ಆರಿನ್ ಪಾಲಿಸಿ ಕೈಪಿಡಿಯ ಪಠ್ಯ ಉಳಿದ ಪ್ರದೇಶಗಳದಕ್ಕಿಂತ ಬಿಗಿಯಾಗಿದೆ, ಮತ್ತು ಅರ್ಥ ಬದಲಾಗದ ಭಾಷಾ ತಿದ್ದುಪಡಿಗೆ ಬೇರೆಯೇ ಹಗುರ ದಾರಿಯಿದೆ. ಹಳೇ ಪಠ್ಯ ಗುಡಿಸಲು ಆ ಹಗುರ ದಾರಿ ತುಂಬ ಉಪಯುಕ್ತ, ಬೇರೆ ಪ್ರದೇಶಗಳೂ ಅದನ್ನು ಕಲಿಯಬಹುದು. ನಷ್ಟವೆಂದರೆ, ನೀವು ಕೊಟ್ಟ ಸಮಸ್ಯೆಗೆ ಮಂಡಳಿ ಬೇರೆಯೇ ಪರಿಹಾರ ಬರೆಯಬಹುದು, ಅಥವಾ ಕರಡನ್ನೇ ಕೈಬಿಡಬಹುದು. ಕೈಬಿಟ್ಟರೆ ಬೆಂಬಲಿಗರನ್ನು ಕೂಡಿಸಿ ಮರುಮನವಿ ಹಾಕುವ ಹಕ್ಕಿದೆ, ಆದರೆ ಅದಕ್ಕೆ ಗಡುವು ಕಡಿಮೆ.

ಏಪ್‌ನಿಕ್ ಸಭೆಯ ಸುತ್ತ ಸುತ್ತುತ್ತದೆ. ವರ್ಷಕ್ಕೆ ಎರಡು ಬಾರಿ ಮುಕ್ತ ಪಾಲಿಸಿ ಸಭೆ. ಕೆಲವು ವಾರ ಮೊದಲೇ ಪ್ರಸ್ತಾವ ಕೊಟ್ಟಿರಬೇಕು, ಗಡುವು ತಪ್ಪಿದರೆ ಆರು ತಿಂಗಳು ಕಾಯಬೇಕು. ಸಭೆಯಲ್ಲಿ ಒಮ್ಮತ ಸಿಕ್ಕರೆ ಸದಸ್ಯರ ಸಭೆ, ಆಮೇಲೆ ಅಭಿಪ್ರಾಯದ ಅವಧಿ, ಕೊನೆಗೆ ಕಾರ್ಯಕಾರಿ ಮಂಡಳಿ. ದೂರದಿಂದ ಭಾಗವಹಿಸುವವರು ಬೆಂಬಲ ಅಥವಾ ವಿರೋಧ ಸೂಚಿಸಲು ಆನ್‌ಲೈನ್ ಸಾಧನವಿದೆ. ಮೂರರಲ್ಲಿ ವೇಗದ್ದು ಇದೇ, ಎಲ್ಲವೂ ಸುಸೂತ್ರವಾದರೆ. ಆದರೆ ಸಭೆಯ ಒಂದು ಗಂಟೆಯಲ್ಲಿ ಹುಟ್ಟುವ ಆಕ್ಷೇಪಕ್ಕೆ ಆ ಸ್ಥಳದಲ್ಲೇ ಉತ್ತರಿಸಬೇಕಾದ ಒತ್ತಡವಿದೆ, ಹಾಗಾಗಿ ಚೆನ್ನಾಗಿ ಮಾತಾಡುವವರ ಕೈ ಮೇಲಾಗುವುದುಂಟು. ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುವವರ ಕೈ ಎನ್ನಬೇಕು.

ಎಲ್ಲಿಯೂ ಇದು ಮತದಾನವಲ್ಲ. ನೂರು ಜನ ಬೆಂಬಲಿಸಿ ಒಬ್ಬರು ಮಾತ್ರ ಗಟ್ಟಿ ಕಾರಣ ಕೊಟ್ಟು ವಿರೋಧಿಸಿದ್ದರೆ ಆ ಒಂದು ಕಾರಣಕ್ಕೆ ಉತ್ತರ ಸಿಗುವ ತನಕ ಪ್ರಸ್ತಾವ ಮುಂದೆ ಹೋಗಬಾರದು. ಅದೇ ಕಾರಣಕ್ಕೆ, ಉತ್ತರ ಕೊಟ್ಟಾದ ಮೇಲೆ ಅದೇ ಆಕ್ಷೇಪವನ್ನು ಹತ್ತು ಬಾರಿ ಹೇಳಿದರೂ ಅದಕ್ಕೆ ತೂಕವಿಲ್ಲ. ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್‌ನ ಆರ್‌ಎಫ್‌ಸಿ 7282 ಇದೇ ಮಾತನ್ನು ಚೆನ್ನಾಗಿ ವಿವರಿಸುತ್ತದೆ: ಆಕ್ಷೇಪಕ್ಕೆ ಉತ್ತರ ಸಿಗಬೇಕು, ಆಕ್ಷೇಪಿಸಿದವರು ಒಪ್ಪಲೇಬೇಕೆಂದಿಲ್ಲ. ಬೆಂಬಲ ಎಂದಷ್ಟೇ ಬರೆದ ಇಮೇಲ್‌ಗಳನ್ನು ರಾಶಿ ಹಾಕಿಸುವ ಉತ್ಸಾಹ ಹಲವರಿಗಿದೆ. ಪ್ರಯೋಜನ ಕಡಿಮೆ. ಅಧ್ಯಕ್ಷರು ಅವನ್ನು ಎಣಿಸುವುದಿಲ್ಲ, ಪ್ರಚಾರದ ವಾಸನೆ ಬಂದರೆ ಪ್ರಸ್ತಾವದ ಮೇಲೇ ಅನುಮಾನ ಬೀಳುತ್ತದೆ.

ಸೇವೆಯ ಗುಣಮಟ್ಟ ಅಳೆಯಲು ಒಂದೇ ಐಡಿಯಾ ಎರಡು ಪ್ರದೇಶಗಳಲ್ಲಿ ಏನಾಯಿತು ಎಂದು ನೋಡಬಹುದು. ಯಾರಿಗೂ ಕೊಡದ ವಿಳಾಸಗಳನ್ನು ಕದ್ದು ಪ್ರಕಟಿಸಿ, ಅಂದರೆ ಅವು ತಮ್ಮವೆಂದು ಇತರ ನೆಟ್‌ವರ್ಕ್‌ಗಳಿಗೆ ಸಾರಿ, ಸ್ಪ್ಯಾಮ್ ಕಳಿಸುವವರಿದ್ದಾರೆ. ಯಾವ ವಿಳಾಸವನ್ನು ಯಾವ ನೆಟ್‌ವರ್ಕ್ ಪ್ರಕಟಿಸಬಹುದು ಎಂಬ ಸಹಿ ಮಾಡಿದ ಪತ್ರಕ್ಕೆ ಆರ್‌ಒಎ ಎಂದೂ, ಆ ಸಹಿಗಳ ವ್ಯವಸ್ಥೆಗೆ ಆರ್‌ಪಿಕೆಐ ಎಂದೂ ಹೆಸರು. ಅಂಥ ವಿಳಾಸಗಳಿಗೆ ರಿಜಿಸ್ಟ್ರಿಯೇ ಎಎಸ್ ಸೊನ್ನೆಯ (ಯಾವ ನೆಟ್‌ವರ್ಕಿಗೂ ಸೇರದ ಸಂಖ್ಯೆ) ಹೆಸರಲ್ಲಿ ಆರ್‌ಒಎ ಸಹಿ ಮಾಡಿದರೆ, ಆರ್‌ಪಿಕೆಐ ಪರೀಕ್ಷಿಸುವ ರೂಟರ್‌ಗಳು ಆ ಪ್ರಕಟಣೆಗಳನ್ನು ತಳ್ಳಿಹಾಕುತ್ತವೆ. ಏಪ್‌ನಿಕ್‌ನಲ್ಲಿ ಪ್ರಾಪ್-132 ಎಂಬ ಹೆಸರಲ್ಲಿ ಇದು ಗೆದ್ದಿತು. ಜಾರಿಯಲ್ಲಿ ಒಂದು ಎಚ್ಚರ ವಹಿಸಿದರು: ಈ ಆರ್‌ಒಎಗಳನ್ನು ಮುಖ್ಯ ವ್ಯವಸ್ಥೆಗೆ ಬೆರೆಸದೆ ಪ್ರತ್ಯೇಕ ನಂಬಿಕೆಯ ಮೂಲದಡಿ ಇಟ್ಟರು, ಬೇಕಾದವರು ಸೇರಿಸಿಕೊಂಡರಾಯಿತು. ರೈಪ್‌ನಲ್ಲಿ ಅದೇ ಐಡಿಯಾ 2019-08 ಆಗಿ ಬಂದು ಹಿಂದಕ್ಕೆ ಹೋಯಿತು. ರಿಜಿಸ್ಟ್ರಿಯ ಒಂದು ಗುಮಾಸ್ತಿಕೆ ತಪ್ಪಿನಿಂದ ಯಾರದೋ ನೆಟ್‌ವರ್ಕ್ ಕಣ್ಮರೆಯಾದರೆ ಹೊಣೆ ಯಾರು, ಅಷ್ಟು ಸಣ್ಣ ಲಾಭಕ್ಕೆ ಅಷ್ಟು ಅಪಾಯವೇ ಎಂಬ ಪ್ರಶ್ನೆಗೆ ಅಲ್ಲಿ ತೃಪ್ತಿಕರ ಉತ್ತರ ಸಿಗಲಿಲ್ಲ. ಎರಡೂ ತೀರ್ಮಾನ ಅವರವರ ಲೆಕ್ಕಕ್ಕೆ ಸರಿ. ಇದನ್ನು ವ್ಯವಸ್ಥೆಯ ದೋಷ ಎನ್ನುವವರಿದ್ದಾರೆ, ಪ್ರದೇಶಕ್ಕೊಂದು ಪಾಲಿಸಿ ಇಟ್ಟಿರುವುದೇ ಇದಕ್ಕಾಗಿ ಎಂದು ಈ ವಿಮರ್ಶೆಯ ಅಭಿಪ್ರಾಯ.

ಅಂಕಿ ತಿದ್ದುವ ಪ್ರಸ್ತಾವಗಳಲ್ಲಿ ಸೇವೆ ಎಷ್ಟು ಚುರುಕಾಗಿದೆ ನೋಡಿ. ಏಪ್‌ನಿಕ್ ತನ್ನ ಕೊನೆಯ 103/8 ಬ್ಲಾಕಿನಿಂದ ಸದಸ್ಯರಿಗೆ /22 ಕೊಡುತ್ತಿತ್ತು. ಇಡೀ ಬ್ಲಾಕಿನಲ್ಲಿ ಅಂಥವು 16,384. 2019ರಲ್ಲಿ ಪ್ರಾಪ್-127 ಅದನ್ನು /23ಕ್ಕೆ, ಅಂದರೆ 512 ವಿಳಾಸಕ್ಕೆ ಇಳಿಸಿತು. ಉಳಿದ ದಾಸ್ತಾನಿನಲ್ಲಿ ಎರಡರಷ್ಟು ಹೊಸಬರಿಗೆ ಜಾಗ. ರೈಪ್ ಅದೇ ವರ್ಷ 2019-02 ಮೂಲಕ, ದಾಸ್ತಾನು ಬರಿದಾದ ಮೇಲೆ ವಾಪಸ್ ಬರುವ ವಿಳಾಸಗಳಿಗೆ ವೇಟಿಂಗ್ ಲಿಸ್ಟ್ ಮಾಡಿ, ಪಾಲನ್ನು /24ಕ್ಕೆ ಇಳಿಸಿತು. ಅದೂ ಮೊದಲು ಏನೂ ಪಡೆಯದ ಸದಸ್ಯರಿಗೆ ಮಾತ್ರ. ಆ ವರ್ಷದ ನವೆಂಬರ್ 25ರಂದು ದಾಸ್ತಾನು ಬರಿದಾಯಿತು. ನಿಯಮ ಅದಕ್ಕೆ ಮುಂಚೆಯೇ ಸಿದ್ಧವಿತ್ತು. /24ಕ್ಕಿಂತ ಕೆಳಗಿಳಿಯಲಿಲ್ಲ, ಯಾಕೆಂದರೆ ಅದಕ್ಕಿಂತ ಚಿಕ್ಕ ಪ್ರಕಟಣೆಗಳನ್ನು ಬಹುತೇಕ ಆಪರೇಟರ್‌ಗಳು ಫಿಲ್ಟರ್ ಮಾಡಿಬಿಡುತ್ತಾರೆ. ನೆಟ್‌ವರ್ಕ್‌ಗಳು ಒಂದಕ್ಕೊಂದು ಜೋಡಿಸಿಕೊಳ್ಳುವ ಇಂಟರ್ನೆಟ್ ಎಕ್ಸ್‌ಚೇಂಜ್‌ಗಳ ಲ್ಯಾನ್ (ಒಳಜಾಲ) ಮಾತ್ರ ಬೇರೆ. ಅದನ್ನು ಜಗತ್ತಿಗೆ ಪ್ರಕಟಿಸುವ ಅಗತ್ಯವೇ ಇಲ್ಲ. ಆದ್ದರಿಂದ ರೈಪ್‌ನ 2023-01 ಅವುಗಳಿಗೆ ಆರಂಭಿಕ ಪಾಲನ್ನು /26ಕ್ಕೆ, 64 ವಿಳಾಸಕ್ಕೆ ಇಳಿಸಿದಾಗ ತಾಂತ್ರಿಕ ಅಡ್ಡಿ ಬರಲಿಲ್ಲ.

ತೂತು ಮುಚ್ಚುವ ಕೆಲಸದಲ್ಲಿ ಸೇವೆ ತಡವಾಗಿ ಎಚ್ಚರಗೊಳ್ಳುತ್ತದೆ. ಆರಿನ್ ವೇಟಿಂಗ್ ಲಿಸ್ಟ್ ಇದಕ್ಕೆ ಸಾಕ್ಷಿ. ವಾಪಸ್ ಬಂದ ವಿಳಾಸಗಳನ್ನು ಸರತಿಯಂತೆ ಉಚಿತವಾಗಿ ಕೊಡುವ ಪಟ್ಟಿ ಅದು. ದೊಡ್ಡ ಬ್ಲಾಕ್ ಪಡೆದು, 12 ತಿಂಗಳ ಕಾಯುವ ಅವಧಿ ಮುಗಿಯುತ್ತಲೇ ಮಾರುವುದು ನಿಯಮದ ಅಕ್ಷರಕ್ಕೆ ವಿರುದ್ಧವಾಗಿರಲಿಲ್ಲ. 2019ರಲ್ಲಿ ಟ್ರಸ್ಟಿಗಳು ಹಂಚಿಕೆಯನ್ನೇ ನಿಲ್ಲಿಸಿ ಸಮುದಾಯಕ್ಕೆ ಮರಳಿಸಿದರು. ಆಗ ಬಂದ 2019-16 ಮೂರು ಬೀಗ ಹಾಕಿತು: ಒಬ್ಬರಿಗೆ ಒಟ್ಟು /22 ಮೀರದಂತೆ, ಈಗಾಗಲೇ /20ಕ್ಕಿಂತ ಹೆಚ್ಚು ಇರುವವರಿಗೆ ಪಟ್ಟಿಯಲ್ಲಿ ಜಾಗವಿಲ್ಲದಂತೆ, ಪಡೆದದ್ದನ್ನು 60 ತಿಂಗಳು ಮಾರದಂತೆ. ರೈಪ್‌ನಲ್ಲೂ ಕೊನೆಯ /22ಗಾಗಿಯೇ ಹೊಸ ಸದಸ್ಯತ್ವ ತೆರೆದು ಮಾರಿಬಿಡುವ ಚಾಳಿ ಬೆಳೆದಾಗ 2015-01 ಮೂಲಕ 24 ತಿಂಗಳ ತಡೆ ಬಂತು. ಮಾರುವವರಿಗೆ ತಡೆ ಬಿತ್ತು, ಒಬ್ಬರೇ ಹಲವು ಖಾತೆ ತೆರೆಯುವುದು ನಿಲ್ಲಲಿಲ್ಲ. ಉಚಿತವಾಗಿ ಸಿಗುವ ವಸ್ತುವಿಗೆ ಮಾರುಕಟ್ಟೆ ಬೆಲೆ ಇರುವವರೆಗೆ ಕಾಯುವ ಅವಧಿ ಒಂದೇ ಸಾಲದು, ಗಾತ್ರದ ಮಿತಿ ಮತ್ತು ಅರ್ಹತೆ ಮೂರೂ ಒಟ್ಟಿಗೆ ಬೇಕು. ಕರಡು ಬರೆಯುವವರು ಒಂದನ್ನೇ ಹಿಡಿದು ಬಂದರೆ ಎರಡು ವರ್ಷದ ಮೇಲೆ ಇನ್ನೊಂದು ಪ್ರಸ್ತಾವ ಬರೆಯಬೇಕಾಗುತ್ತದೆ.

ಐಪಿವಿ4ರ ನಂತರ ಬಂದ, ಬಹಳ ದೊಡ್ಡ ವಿಳಾಸ ವ್ಯವಸ್ಥೆಯಾದ ಐಪಿವಿ6ನಲ್ಲಿ ಹಳತು ಬೇರೆ ವೇಷದಲ್ಲಿ ಕೂತಿದೆ. ಆರಂಭದ ಪಾಲಿಸಿ /32 ಕೇಳುವವರಿಗೆ ಎರಡು ವರ್ಷದಲ್ಲಿ 200 ಗ್ರಾಹಕರಿಗೆ ಹಂಚುವ ಯೋಜನೆ ತೋರಿಸಿ ಎನ್ನುತ್ತಿತ್ತು. ಸಣ್ಣ ಪೂರೈಕೆದಾರರು ಇದರಿಂದಲೇ ಹೊರಗುಳಿದರು, ಒಂದೊಂದು ಪ್ರದೇಶವೂ ಆ ಸಂಖ್ಯೆಯನ್ನು ತೆಗೆಯಲು ಅಥವಾ ಸಡಿಲಿಸಲು ತನ್ನದೇ ಪ್ರಸ್ತಾವ ನಡೆಸಬೇಕಾಯಿತು. ಎರಡನೇ ಬ್ಲಾಕ್ ಕೇಳುವ ಮಾಪನವೂ ಬದಲಾಗಿದೆ. ಮೊದಲು ಎಚ್‌ಡಿ ಅನುಪಾತ (ಬ್ಲಾಕ್ ಎಷ್ಟು ಬಳಕೆಯಾಗಿದೆ ಎಂದು ಲಾಗರಿಥಮ್ ಲೆಕ್ಕದಲ್ಲಿ ಅಳೆಯುವ ಸಂಖ್ಯೆ) 0.8, ಎಣಿಕೆಯ ಘಟಕ /48. ಒಂದು /32ರಲ್ಲಿರುವ 65,536 /48ಗಳಲ್ಲಿ 7,132 ಹಂಚಿದರೆ ಸಾಕಿತ್ತು. ನಂತರ ರೈಪ್, ಏಪ್‌ನಿಕ್‌ಗಳಲ್ಲಿ ಅನುಪಾತ 0.94 ಆಯಿತು, ಘಟಕ /56 ಆಯಿತು. ಈಗ 1,67,77,216ರಲ್ಲಿ 61,83,533. ದಾಖಲೆ ಓದುವವರು ಗಾಬರಿಯಾಗುವುದು ಇಲ್ಲಿ, ಆದರೆ ಒಂದು /48 ಕೊಟ್ಟರೆ ಅದು 256 /56 ಎಂದು ಎಣಿಕೆಯಾಗುತ್ತದೆ. ಎಲ್ಲರಿಗೂ /48 ಕೊಡುವವರಿಗೆ ಹೊಸ್ತಿಲು ಸುಮಾರು 24,155 ಗ್ರಾಹಕರು. ಬಿಗಿಯಾಗಿದೆ, ಅಸಾಧ್ಯವೇನಲ್ಲ. ಘಟಕ ಬದಲಿಸುವ ಪ್ರಸ್ತಾವಕ್ಕೆ ಇಂಥ ಒಂದು ಕೋಷ್ಟಕ ಜೊತೆಗಿಡದಿದ್ದರೆ ಚರ್ಚೆ ಪೂರ್ತಿ ತಪ್ಪು ಸಂಖ್ಯೆಯ ಮೇಲೆ ನಡೆಯುತ್ತದೆ.

ಹಾಗಾದರೆ ಪ್ರಸ್ತಾವ ಬೀಳುವುದೆಲ್ಲಿ? ಹೆಚ್ಚಾಗಿ ಸಮಸ್ಯೆಯ ವಿವರಣೆಯಲ್ಲೇ. ಪಾಲಿಸಿ ಹಳತಾಗಿದೆ ಎಂಬುದು ಸಮಸ್ಯೆಯಲ್ಲ. ಇಂಥ ವಿಭಾಗದ ಇಂಥ ವಾಕ್ಯದಿಂದಾಗಿ ಇಂಥವರು ಅರ್ಹರಾಗಿದ್ದೂ ವಿಳಾಸ ಪಡೆಯಲಾಗುತ್ತಿಲ್ಲ ಎಂಬುದು ಸಮಸ್ಯೆ. ಮೊದಲ ಪ್ಯಾರಾದಲ್ಲಿ ಆ ವಾಕ್ಯವನ್ನೇ ಎತ್ತಿ ಬರೆಯಿರಿ. ಎರಡನೆಯದಾಗಿ, ವ್ಯಾಪ್ತಿ ಮೀರುವುದು. ರೈಪ್‌ನ 2019-03 ವಿಳಾಸ ಅಪಹರಣವನ್ನು ಪಾಲಿಸಿ ಉಲ್ಲಂಘನೆ ಎಂದು ಸಾರಲು ಹೊರಟಿತ್ತು. ಉದ್ದೇಶವನ್ನು ತೆಗಳಿದವರು ವಿರಳ, ಆದರೆ ನೋಂದಣಿ ಮಾಡುವ ಸಂಸ್ಥೆಯನ್ನು ರೂಟಿಂಗ್ ನ್ಯಾಯಾಲಯ ಮಾಡುವುದಕ್ಕೆ ಒಪ್ಪಿಗೆ ಸಿಗಲಿಲ್ಲ, ಪ್ರಸ್ತಾವ ಹಿಂದಕ್ಕೆ ಹೋಯಿತು. ಶುಲ್ಕ, ಒಪ್ಪಂದ, ಸಿಬ್ಬಂದಿಯ ಕೆಲಸದ ಕ್ರಮ ಇವೂ ಪಾಲಿಸಿಯ ಹೊರಗಿನವು. ಅವನ್ನು ಬೆರೆಸಿದರೆ ಕರಡು ಮೊದಲ ವಾರದಲ್ಲೇ ಮುಗ್ಗರಿಸುತ್ತದೆ. ಕೀಳುವುದನ್ನೂ ಹೊಸದಾಗಿ ಸೇರಿಸುವುದನ್ನೂ ಒಂದೇ ಪ್ರಸ್ತಾವದಲ್ಲಿ ಕಟ್ಟಬೇಡಿ. ಸೇರಿಸುವುದಕ್ಕೆ ಬಂದ ಆಕ್ಷೇಪ ಕೀಳುವುದನ್ನೂ ಮುಳುಗಿಸುತ್ತದೆ. ಹೊಸ ಪಠ್ಯಕ್ಕೆ ಹಳೆಯ ಪಠ್ಯವನ್ನು ಪಕ್ಕಪಕ್ಕ ಇಟ್ಟು ತೋರಿಸಿ, ಬದಲಾದ ಪದಗಳಿಗೆ ಗುರುತು ಹಾಕಿ. ಈಗಾಗಲೇ ವಿಳಾಸ ಪಡೆದವರಿಗೆ ಹೊಸ ನಿಯಮ ಅನ್ವಯಿಸುತ್ತದೋ ಇಲ್ಲವೋ ಎಂಬ ಒಂದು ಸಾಲು ಮರೆಯಬೇಡಿ. ಅತಿ ಹೆಚ್ಚು ಜಗಳ ಹುಟ್ಟುವುದು ಆ ಸಾಲು ಇಲ್ಲದಾಗಲೇ.

ಐದೂ ಪ್ರದೇಶಗಳಿಗೆ ಒಂದೇ ಪಾಲಿಸಿ ಬೇಕಾದಾಗ ಸೇವೆಯ ಅಂಕ ಇಳಿಯುತ್ತದೆ. ಒಂದೇ ಪಠ್ಯ ಐದೂ ಕಡೆ ಒಮ್ಮತ ಪಡೆದು, ಇಂಟರ್ನೆಟ್ ಹೆಸರು, ಸಂಖ್ಯೆಗಳನ್ನು ಜಾಗತಿಕವಾಗಿ ನೋಡಿಕೊಳ್ಳುವ ಐಕ್ಯಾನ್ ಮಂಡಳಿಯ ಒಪ್ಪಿಗೆಗೆ ಹೋಗಬೇಕು. ವಾಪಸ್ ಬಂದ ಐಪಿವಿ4 ವಿಳಾಸಗಳನ್ನು ಐಯಾನಾ ಹೇಗೆ ಮರುಹಂಚಬೇಕು ಎಂಬ 2009ರ ಪ್ರಸ್ತಾವ ಆರಿನ್‌ನಲ್ಲಿ ಬೇರೆ ರೂಪ ಪಡೆದು ಸಿಕ್ಕಿಬಿತ್ತು. 2010ರದೂ ದಡ ಸೇರಲಿಲ್ಲ. 2011ರ ಮೂರನೇ ಪಠ್ಯ 2012ರ ಮೇನಲ್ಲಿ ಅಂಗೀಕಾರವಾಯಿತು. ಗೆದ್ದ ಪಠ್ಯದಲ್ಲಿ ವಿಳಾಸ ಮರಳಿಸುವುದು ಕಡ್ಡಾಯ ಎಂಬ ಮಾತೇ ಇಲ್ಲ, ಯಾರಾದರೂ ಮರಳಿಸಿದರೆ ಹೇಗೆ ಹಂಚಬೇಕು ಎಂಬುದಷ್ಟೇ ಇದೆ. ಅದು 2014ರ ಮೇನಲ್ಲಿ ಲ್ಯಾಕ್‌ನಿಕ್ ದಾಸ್ತಾನು /9ಕ್ಕಿಂತ ಕೆಳಗಿಳಿದಾಗ ಮೊದಲ ಬಾರಿ ಕೆಲಸಕ್ಕೆ ಬಂತು.

ಇದೇ ಜಾತಿಯ ಇನ್ನೂ ದೊಡ್ಡ ಕೆಲಸ ಐಸಿಪಿ-2 ದಾಖಲೆಯ ಪರಿಷ್ಕರಣೆ. 2001ರಲ್ಲಿ ಒಪ್ಪಿದ ಆ ದಾಖಲೆ ಹೊಸ ರಿಜಿಸ್ಟ್ರಿಗೆ ಮಾನ್ಯತೆ ಕೊಡುವುದು ಹೇಗೆಂದು ಹೇಳುತ್ತದೆ. ಮಾನ್ಯತೆ ಪಡೆದ ಮೇಲೆ ಅದು ಹೇಗೆ ನಡೆದುಕೊಳ್ಳಬೇಕು, ಹಳಿ ತಪ್ಪಿದರೆ ಮಾನ್ಯತೆ ಹಿಂಪಡೆಯುವುದು ಹೇಗೆ ಎಂಬುದರ ಬಗ್ಗೆ ಅದರಲ್ಲಿ ದಾರಿಯಿಲ್ಲ. ಪರಿಷ್ಕರಣೆಯ ಹೊಣೆ ಪ್ರದೇಶಕ್ಕೆ ಮೂವರಂತೆ 15 ಜನರ ಸಮಿತಿಯದು. ಅವರು ಮಾಡಿದ ಒಂದು ಆಯ್ಕೆ ಮೆಚ್ಚುವಂಥದ್ದು: 2024ರಲ್ಲಿ ಪೂರ್ಣ ಪಠ್ಯ ತರದೆ ತತ್ತ್ವಗಳ ಪಟ್ಟಿಯನ್ನಷ್ಟೇ ಅಭಿಪ್ರಾಯಕ್ಕೆ ಬಿಟ್ಟು, ಒಂದೊಂದಕ್ಕೂ ಒಪ್ಪಿಗೆ ಇದೆಯೇ ಎಂದು ಕೇಳಿ, 2025ರಲ್ಲಿ ಕರಡು ಬರೆದರು. ಪದಗಳ ಮೇಲಿನ ಜಗಳ ತತ್ತ್ವದ ಜಗಳವನ್ನು ಮುಚ್ಚಿಹಾಕದಂತೆ ಇದು ತಡೆಯಿತು. ಕರಡು ಓದುವವರು ಮೊದಲು ಮಾನ್ಯತೆ ರದ್ದತಿಯ ಭಾಗವನ್ನು ತೆರೆಯಿರಿ. ರದ್ದಾದ ದಿನ ಆ ಪ್ರದೇಶದ ರಿಜಿಸ್ಟ್ರಿ ಡೇಟಾ ಯಾರ ಕೈಗೆ, ರಿವರ್ಸ್ ಡಿಎನ್‌ಎಸ್ (ವಿಳಾಸದಿಂದ ಹೆಸರು ಹುಡುಕುವ ವ್ಯವಸ್ಥೆ) ಮತ್ತು ಆರ್‌ಪಿಕೆಐ ಸಹಿಗಳನ್ನು ಯಾರು ನಡೆಸುತ್ತಾರೆ, ಬಾಕಿ ಅರ್ಜಿಗಳಿಗೆ ಯಾವ ಪ್ರದೇಶದ ಪಾಲಿಸಿ ಎಂಬ ಪ್ರಶ್ನೆಗಳನ್ನು ಹಿಡಿದು ಓದಿ, ಅಭಿಪ್ರಾಯದ ಅವಧಿ ತೆರೆದಿದ್ದರೆ ಉತ್ತರ ಸಿಗದ ಕಡೆ ವಿಭಾಗದ ಸಂಖ್ಯೆ ಸಹಿತ ಬರೆದು ಕಳಿಸಿ.